ತನ್ನ ಕಲಿಕೆಯ ಲೆಕ್ಕವನ್ನು ಮಗು ತಾನೇ ಇಡಲು ಯಾವ ವಿಧಾನ? ಕರಾವಳಿಯ ಶಿಕ್ಷಕರಿಗೆ ಹೋಲಿಕೆಯ ಮಾರ್ಗದರ್ಶಿ

2025ರ ದ್ವಿತೀಯ ಪಿಯುಸಿ ಪರೀಕ್ಷೆ-1ರಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೆ ಮೊದಲ ಸ್ಥಾನವನ್ನೂ ದಕ್ಷಿಣ ಕನ್ನಡ ಎರಡನೆಯ ಸ್ಥಾನವನ್ನೂ ಪಡೆದವು. 2024ರಲ್ಲಿ ಈ ಸ್ಥಾನಗಳು ಅದಲುಬದಲಾಗಿದ್ದವು. ಫಲಿತಾಂಶಕ್ಕೆ ಇಷ್ಟು ಹೆಸರಾದ ಸೀಮೆಯಲ್ಲಿ ಮಗುವಿನ ಬಗ್ಗೆ ದಾಖಲೆ ಇಡುವವರಿಗೆ ಬರವಿಲ್ಲ. ಪಾಠಗಳ ನಡುನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ (ಎಫ್‌ಎ) ಅಂಕ, ಅವಧಿಯ ಕೊನೆಯ ಸಂಕಲನಾತ್ಮಕ ಮೌಲ್ಯಮಾಪನದ (ಎಸ್‌ಎ) ಅಂಕ, ಅವನ್ನು ಮಕ್ಕಳ ದಾಖಲೆ ಇಡುವ ಇಲಾಖೆಯ ಸ್ಯಾಟ್ಸ್ ತಂತ್ರಾಂಶಕ್ಕೆ ಏರಿಸುವ ಕೆಲಸ, ಪ್ರಗತಿ ಪತ್ರ, ಪೋಷಕರ ಸಭೆಯ ವಹಿ, ಟ್ಯೂಷನ್‌ನವರ ವಾರದ ಪರೀಕ್ಷೆಯ ಪಟ್ಟಿ ಎಲ್ಲವೂ ಇವೆ. ಆದರೆ ಮಗು ತಾನಾಗಿ, ತನಗೋಸ್ಕರ ಬರೆದುಕೊಂಡ ದಾಖಲೆಯನ್ನು ಹುಡುಕಿದರೆ ಹೆಚ್ಚಿನ ಶಾಲೆಗಳಲ್ಲಿ ಒಂದೂ ಸಿಗುವುದಿಲ್ಲ. ತನಗೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ, ಬಾರದ್ದಕ್ಕೆ ತಾನು ಏನು ಮಾಡುತ್ತಿದ್ದೇನೆ ಎಂಬ ಮೂರು ಸಂಗತಿಗಳನ್ನು ಹತ್ತನೆಯ ತರಗತಿಯ ಮಗುವೂ ಟೀಚರ ಬಾಯಿಂದಲೇ ಕೇಳಿ ತಿಳಿಯುವ ಸ್ಥಿತಿಯಲ್ಲಿದೆ.

ಈ ಕೊರತೆಯನ್ನು ತುಂಬಲು ವಿಧಾನಗಳು ಹಲವು: ಕಲಿಕಾ ದಿನಚರಿ, ತರಗತಿಯ ಚೀಟಿ, ಪಾಠದಿಂದ ಏನೇನು ಬರಬೇಕೆಂದು ಹೇಳುವ ಕಲಿಕಾ ಫಲಗಳ ಪಟ್ಟಿ, ಪರೀಕ್ಷೆಯ ನಂತರದ ತಪ್ಪಿನ ಹಾಳೆ, ಮಗುವಿನ ಕೆಲಸಗಳನ್ನು ಕೂಡಿಸಿಡುವ ಕೃತಿಸಂಪುಟ, ಜೋಡಿ ಮಾತುಕತೆ, ಮೊಬೈಲ್ ಅಪ್ಲಿಕೇಶನ್‌ಗಳು. ತರಬೇತಿಗಳಲ್ಲಿ ಇವೆಲ್ಲವನ್ನೂ ಒಂದೇ ಉಸಿರಿನಲ್ಲಿ ಹೊಗಳುವುದುಂಟು. ಶಾಲೆಯೊಂದು ಇವೆಲ್ಲವನ್ನೂ ಒಟ್ಟಿಗೆ ಹಿಡಿದರೆ ಯಾವುದೂ ಆಗಸ್ಟ್ ತಿಂಗಳನ್ನು ದಾಟುವುದಿಲ್ಲ. ಒಂದನ್ನು ಆರಿಸಿಕೊಳ್ಳಬೇಕು, ಹೆಚ್ಚೆಂದರೆ ಎರಡನ್ನು. ಯಾವುದನ್ನು ಎಂಬುದು ಈ ಬರಹದ ವಿಷಯ.

ಆರಿಸುವ ಮೊದಲು

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾವೆಲ್ 1979ರಲ್ಲಿ ಪ್ರಕಟಿಸಿದ ಲೇಖನದ ಬಳಿಕ, ತನ್ನ ತಿಳಿವಳಿಕೆಯ ಮೇಲೆ ತಾನೇ ನಿಗಾ ಇಡುವ ಶಕ್ತಿಯು ಶಿಕ್ಷಣ ಸಂಶೋಧನೆಯ ದೊಡ್ಡ ವಿಷಯವಾಗಿ ಬೆಳೆಯಿತು. ಶಿಕ್ಷಣ ಮನಶ್ಶಾಸ್ತ್ರಜ್ಞ ಬ್ಯಾರಿ ಜಿಮ್ಮರ್‌ಮನ್ ತನ್ನ ಕಲಿಕೆಯನ್ನು ತಾನೇ ನಡೆಸಿಕೊಳ್ಳುವ ಕ್ರಮವನ್ನು ಮೂರು ಹಂತಗಳಾಗಿ ವಿಂಗಡಿಸಿದರು: ಕೆಲಸಕ್ಕೆ ಮೊದಲಿನ ಮುಂದಾಲೋಚನೆ, ಕೆಲಸ ಮಾಡುವಾಗಿನ ನಿಗಾ, ಮುಗಿದ ಮೇಲಿನ ಹಿನ್ನೋಟ. ಇವು ಒಂದು ಸುತ್ತಿನಂತೆ ನಡೆಯಬೇಕು. ಹಿನ್ನೋಟದಲ್ಲಿ ಕಂಡದ್ದು ಮುಂದಿನ ಮುಂದಾಲೋಚನೆಗೆ ಆಧಾರವಾಗಬೇಕು. ನಮ್ಮ ಶಾಲೆಗಳಲ್ಲಿ ಬಳಕೆಗೆ ಬರುವ ಹೆಚ್ಚಿನ ನಮೂನೆಗಳು ಹಿನ್ನೋಟಕ್ಕೆ ಬಂದು ನಿಂತುಬಿಡುತ್ತವೆ. ಮಗು ಬರೆಯುತ್ತದೆ, ಟೀಚರು ಸಹಿ ಹಾಕುತ್ತಾರೆ, ಪುಸ್ತಕ ಕಪಾಟು ಸೇರುತ್ತದೆ.

ಹಾಗಾಗಿ ಯಾವ ವಿಧಾನವನ್ನು ತೂಗುವಾಗಲೂ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇದನ್ನು ಬರೆದದ್ದರಿಂದ ಮಗುವಿನ ಮುಂದಿನ ವಾರದ ಓದಿನಲ್ಲಿ ಏನು ಬದಲಾಗುತ್ತದೆ? ಉತ್ತರ ತೋಚದಿದ್ದರೆ ಆ ವಿಧಾನ ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಇದರ ಜೊತೆಗೆ, ಬರೆದದ್ದನ್ನು ಯಾರು ಓದುತ್ತಾರೆ, ಅದಕ್ಕೆ ಎಷ್ಟು ಹೊತ್ತು ಬೇಕು ಎಂಬುದನ್ನೂ ಲೆಕ್ಕ ಹಾಕಬೇಕು. 40 ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರ ದಿನಚರಿಗೆ 2 ನಿಮಿಷ ಕೊಟ್ಟರೂ ಒಂದು ಸರದಿಗೆ 80 ನಿಮಿಷ ಬೇಕು. ಮೂರು ವಿಭಾಗಗಳಿಗೆ ಪಾಠ ಮಾಡುವ ವಿಜ್ಞಾನ ಶಿಕ್ಷಕಿಗೆ ಇದು 4 ಗಂಟೆಯ ಕೆಲಸ. ಈ ಲೆಕ್ಕವನ್ನು ಮೊದಲೇ ಮಾಡದೆ ಆರಂಭಿಸಿದ ಕಡೆಗಳಲ್ಲಿ ಕೆಲವೇ ದಿನಗಳಲ್ಲಿ ಸಹಿ ಮಾತ್ರ ಉಳಿಯುತ್ತದೆ, ಓದುವುದು ನಿಲ್ಲುತ್ತದೆ. ಓದುವವರಿಲ್ಲ ಎಂಬುದು ಮಕ್ಕಳಿಗೆ ನಮಗಿಂತ ಬೇಗ ತಿಳಿಯುತ್ತದೆ.

ಕರಾವಳಿಗೇ ಸೇರಿದ ಒಂದು ಸಂಗತಿಯನ್ನೂ ಇಲ್ಲಿ ಗಣನೆಗೆ ತೆಗೆದುಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಜಿಲ್ಲಾಧಿಕಾರಿಗಳ ಮಳೆ ರಜೆಯ ಆದೇಶ ಯಾವ ಬೆಳಿಗ್ಗೆ ಬರುತ್ತದೆಂದು ಹೇಳಲಾಗುವುದಿಲ್ಲ. ದಿನವೂ ತಪ್ಪದೆ ಮಾಡಬೇಕಾದ ಯಾವ ಅಭ್ಯಾಸವೂ ಜುಲೈಯಲ್ಲಿ ತುಂಡಾಗುತ್ತದೆ, ತುಂಡಾದದ್ದು ಮತ್ತೆ ಕೂಡುವುದು ಕಷ್ಟ. ಪಾಠ ಮುಗಿದಾಗ, ಉತ್ತರಪತ್ರಿಕೆ ಕೈಗೆ ಬಂದಾಗ, ಹೀಗೆ ಒಂದು ಘಟನೆಗೆ ಕಟ್ಟಿಹಾಕಿದ ವಿಧಾನಗಳು ರಜೆಗಳ ನಡುವೆಯೂ ಬಾಳುತ್ತವೆ. ದಿನಾಂಕಕ್ಕೆ ಕಟ್ಟಿದವು ಬಾಳುವುದಿಲ್ಲ.

ದಿನಚರಿಯೋ, ಚೀಟಿಯೋ

ಕಲಿಕಾ ದಿನಚರಿ ಎಲ್ಲಕ್ಕಿಂತ ಹಳೆಯ ವಿಧಾನ, ಎಲ್ಲಕ್ಕಿಂತ ಹೆಚ್ಚು ದುರುಪಯೋಗವಾದದ್ದೂ ಹೌದು. ‘ಇಂದು ವಿದ್ಯುತ್ ಪಾಠ ಕಲಿತೆವು. ಪಾಠ ಬಹಳ ಆಸಕ್ತಿದಾಯಕವಾಗಿತ್ತು’ ಎಂಬಂಥ ಎರಡು ಸಾಲುಗಳನ್ನು ಇಡೀ ತರಗತಿ ಒಬ್ಬರಿಂದ ಒಬ್ಬರು ನೋಡಿ ಬರೆದಿರುವ ಪುಸ್ತಕಗಳನ್ನು ಯಾವ ಶಾಲೆಯಲ್ಲಿಯೂ ಕಾಣಬಹುದು. ಇದೇ ಪಾಠದ ಮೇಲೆ ‘ಸಮಾಂತರ ಜೋಡಣೆಯ ಸೂತ್ರ ಬರುತ್ತದೆ, ಆದರೆ ರೋಧಕಗಳನ್ನು ಹೆಚ್ಚಿಸಿದರೂ ಒಟ್ಟು ರೋಧ ಯಾಕೆ ಕಡಿಮೆಯಾಗುತ್ತದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ’ ಎಂದು ಬರೆದ ಮಗು ತನ್ನ ಮುಂದಿನ ಓದಿನ ದಾರಿಯನ್ನು ತಾನೇ ಕಂಡುಕೊಂಡಿದೆ. ಮಗುವಿನ ಬುದ್ಧಿಗಿಂತ ಹೆಚ್ಚಾಗಿ, ಕೇಳಿದ ಪ್ರಶ್ನೆಯಿಂದ ಈ ವ್ಯತ್ಯಾಸ ಬಂದಿದೆ. ‘ಇಂದು ಏನು ಕಲಿತೆ?’ ಎಂದು ಕೇಳಿದರೆ ಪಾಠದ ಹೆಸರು ಬರುತ್ತದೆ. ‘ತಂಗಿಗೆ ಈ ಪಾಠ ಹೇಳಿಕೊಡುವಾಗ ಎಲ್ಲಿ ತಡವರಿಸುತ್ತೀಯಾ?’ ಎಂದು ಕೇಳಿದರೆ ಪಾಠದ ಒಳಗಿನ ಜಾಗ ಬರುತ್ತದೆ.

ದಿನಚರಿಯನ್ನು ಒಪ್ಪುವುದಾದರೆ ವಾರಕ್ಕೊಂದು ಅರ್ಧ ಪುಟ ಸಾಕು, ಶನಿವಾರದ ಅರ್ಧ ದಿನದ ಕೊನೆಯ ಪೀರಿಯಡ್ ಅದಕ್ಕೆ ಹೊಂದುತ್ತದೆ. ಪ್ರತಿ ವಾರ ಎಲ್ಲ 40 ಪುಸ್ತಕಗಳನ್ನೂ ಓದಬೇಕಾಗಿಲ್ಲ. ಎಂಟರಂತೆ ಸರದಿ ಹಾಕಿಕೊಂಡರೆ ಐದು ವಾರಕ್ಕೊಮ್ಮೆ ಎಲ್ಲರದ್ದನ್ನೂ ಓದಿದ ಹಾಗಾಗುತ್ತದೆ. ಆದರೆ ಓದಿದ ಪುಸ್ತಕದಲ್ಲಿ ಸಹಿ ಮಾತ್ರ ಸಾಲದು, ಒಂದು ಪ್ರಶ್ನೆಯಾದರೂ ಬರೆದಿರಬೇಕು.

ಭಾಷೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಮಂಗಳೂರು, ಉಡುಪಿಯ ಒಂದೇ ತರಗತಿಯಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ, ಉರ್ದು ಮಾತನಾಡುವ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಪಾಠದ ಮಾಧ್ಯಮ ಇಂಗ್ಲಿಷ್ ಆಗಿರುವುದೂ ಹೆಚ್ಚು. ತನಗೆ ಎಲ್ಲಿ ತಿಳಿಯಲಿಲ್ಲ ಎಂಬುದನ್ನು ಇನ್ನೂ ಸರಿಯಾಗಿ ಬಾರದ ಭಾಷೆಯಲ್ಲಿ ಬರೆಯಲು ಹೇಳಿದರೆ ಮಗು ತನಗೆ ತಿಳಿದಿರುವ ವಾಕ್ಯವನ್ನು ಬರೆಯುತ್ತದೆಯೇ ಹೊರತು ತನಗಾಗಿರುವ ಗೊಂದಲವನ್ನಲ್ಲ. ಆದ್ದರಿಂದ ದಿನಚರಿಯಲ್ಲಿ ಮನೆಯ ಭಾಷೆಯನ್ನು ಕನ್ನಡ ಲಿಪಿಯಲ್ಲಿ ಬರೆಯಲು ಬಿಡುವುದು, ಕಾಗುಣಿತದ ತಪ್ಪಿಗೆ ಕೆಂಪು ಶಾಯಿ ಹಚ್ಚದಿರುವುದು, ಬೇಕೆಂದರೆ ಚಿತ್ರ ಬಿಡಿಸಲು ಬಿಡುವುದು ಒಳ್ಳೆಯದು. ಭಾಷಾ ಶಿಕ್ಷಕರಲ್ಲಿ ಕೆಲವರು ಇದಕ್ಕೆ ಒಪ್ಪಲಿಕ್ಕಿಲ್ಲ. ಭಾಷೆಯನ್ನು ತಿದ್ದಲು ಕಾಂಪೋಸಿಷನ್ ಪುಸ್ತಕ ಬೇರೆಯೇ ಇದೆ ಎಂಬುದು ನನ್ನ ಉತ್ತರ.

ಬರೆಯಲು ಹಿಂಜರಿಯುವ ತರಗತಿಗೆ ದಿನಚರಿಗಿಂತ ಚೀಟಿ ಹಗುರ. ಪಾಠದ ಕೊನೆಗೆ ಕಾಲು ಹಾಳೆಯಲ್ಲಿ ಒಂದು ಪ್ರಶ್ನೆಗೆ ಉತ್ತರ ಬರೆದು ಮೇಜಿನ ಮೇಲೆ ಇಟ್ಟು ಹೋಗುವ ಕ್ರಮ ಹಲವರಿಗೆ ತಿಳಿದೇ ಇದೆ. ಇದರಲ್ಲಿ ಒಂದು ದೋಷವಿದೆ. ಪಾಠ ಮುಗಿದ ಕೂಡಲೇ ಎಲ್ಲವೂ ತಲೆಯಲ್ಲಿ ಹಸಿಯಾಗಿರುವುದರಿಂದ ‘ತಿಳಿಯಿತಾ?’ ಎಂದರೆ ‘ತಿಳಿಯಿತು ಟೀಚರ್’ ಎಂದು ಇಡೀ ತರಗತಿ ಒಂದೇ ಸ್ವರದಲ್ಲಿ ಹೇಳುತ್ತದೆ, ಚೀಟಿಯಲ್ಲಿಯೂ ಅದನ್ನೇ ಬರೆಯುತ್ತದೆ. ಮನಶ್ಶಾಸ್ತ್ರಜ್ಞರಾದ ಥಾಮಸ್ ನೆಲ್ಸನ್ ಮತ್ತು ಜಾನ್ ಡನ್ಲಾಸ್ಕಿ 1991ರಲ್ಲಿ ತೋರಿಸಿದಂತೆ, ತನಗೆ ನೆನಪಿರುತ್ತದೆಯೋ ಇಲ್ಲವೋ ಎಂಬುದನ್ನು ಕಲಿತ ಕೂಡಲೇ ಅಂದಾಜಿಸುವುದಕ್ಕಿಂತ ಸ್ವಲ್ಪ ಬಿಡುವು ಕೊಟ್ಟು ಅಂದಾಜಿಸಿದಾಗ ಆ ಅಂದಾಜು ಬಹಳ ಹೆಚ್ಚು ನಿಖರವಾಗಿರುತ್ತದೆ. ಅಂದರೆ ಚೀಟಿಯನ್ನು ಪಾಠದ ಕೊನೆಗೆ ಬರೆಸುವ ಬದಲು ಮರುದಿನದ ಪಾಠದ ಮೊದಲ ಐದು ನಿಮಿಷದಲ್ಲಿ, ಪುಸ್ತಕ ಮುಚ್ಚಿಸಿ ಬರೆಸುವುದು ಉತ್ತಮ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಸಂದೇಹವಿಲ್ಲದೆ ಮರುದಿನದ ಚೀಟಿಯನ್ನೇ ಆರಿಸಬೇಕು. ಖರ್ಚೂ ಇಲ್ಲ, ಹೆಚ್ಚಿನ ಸಮಯವೂ ಬೇಡ.

ಏಣಿ ಮತ್ತು ಪಟ್ಟಿ

ಕರ್ನಾಟಕದ ಮಟ್ಟಿಗೆ ಮಗು ತನ್ನ ಸ್ಥಾನವನ್ನು ತಾನೇ ನೋಡಿ ತಿಳಿಯುವ ವ್ಯವಸ್ಥೆ ಹೊಸದೇನೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಆರಂಭವಾಗಿ ಬಳಿಕ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ, ಒಂದರಿಂದ ಮೂರನೆಯ ತರಗತಿಯವರೆಗಿನ ಚಟುವಟಿಕೆ ಆಧಾರಿತ ಕಲಿಕೆಯ ಪದ್ಧತಿಯಾದ ನಲಿಕಲಿಯಲ್ಲಿ ಕಲಿಕಾ ಏಣಿ ಇದೆ, ಮೈಲಿಗಲ್ಲುಗಳಿವೆ, ಪ್ರಗತಿ ನೋಟ ಇದೆ. ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ, ಮುಂದೆ ಯಾವ ಕಾರ್ಡ್ ಎತ್ತಿಕೊಳ್ಳಬೇಕು ಎಂಬುದು ಏಳು ವರ್ಷದ ಮಗುವಿಗೂ ಗೊತ್ತಿರುತ್ತದೆ. ಟೀಚರ ನೆರವಿನ ಗುಂಪಿನಿಂದ ಸ್ವಕಲಿಕೆಯ ಗುಂಪಿನವರೆಗೆ ಮಗು ತಾನೇ ಎದ್ದು ಹೋಗಿ ಕೂರುತ್ತದೆ. ಮೂರನೆಯ ತರಗತಿ ಮುಗಿಸಿ ನಾಲ್ಕಕ್ಕೆ ಬಂದೊಡನೆ ಇದೆಲ್ಲ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಇಡೀ ತರಗತಿಗೆ ಒಂದೇ ಪಾಠ, ಒಂದೇ ವೇಗ, ಎಲ್ಲಿದ್ದೇನೆಂದು ತಿಳಿಯಲು ಅಂಕ ಮಾತ್ರ. ನಾಲ್ಕರಿಂದ ಏಳರವರೆಗಿನ ಶಿಕ್ಷಕರು ಹೊಸ ವಿಧಾನಕ್ಕಾಗಿ ಹೊರಗೆ ಹುಡುಕುವ ಬದಲು ತಮ್ಮದೇ ಶಾಲೆಯ ಪಕ್ಕದ ಕೋಣೆಗೆ ಹೋಗಿ ನೋಡಿದರೆ ಸಾಕಾಗುತ್ತದೆ.

ಮೇಲಿನ ತರಗತಿಗಳಲ್ಲಿ ಏಣಿಯ ಜಾಗಕ್ಕೆ ಬರುವುದು ಕಲಿಕಾ ಫಲಗಳ ಪಟ್ಟಿ. ಪಾಠದ ಆರಂಭದಲ್ಲಿ ಎಂಟೋ ಹತ್ತೋ ವಾಕ್ಯಗಳ ಒಂದು ಹಾಳೆ ಕೊಟ್ಟು, ಪ್ರತಿಯೊಂದರ ಮುಂದೆ ಹಸಿರು, ಹಳದಿ, ಕೆಂಪು ಬಣ್ಣದ ಗುರುತು ಹಾಕಿಸುವುದು ಸಾಮಾನ್ಯ ಕ್ರಮ. ಪಟ್ಟಿಯ ಗುಣವೆಂದರೆ ಅದು ಹಿನ್ನೋಟದ ಜೊತೆಗೆ ಮುಂದಾಲೋಚನೆಯನ್ನೂ ಒಳಗೊಂಡಿದೆ. ಪಾಠ ಶುರುವಾಗುವ ಮೊದಲೇ ಎಲ್ಲಿಗೆ ಹೋಗಬೇಕೆಂಬುದು ಮಗುವಿಗೆ ಕಾಣುತ್ತದೆ. ಇಲಾಖೆಯ ಕಲಿಕಾ ಫಲಗಳ ವಾಕ್ಯಗಳನ್ನು ಹಾಗೆಯೇ ಎತ್ತಿಡಬಾರದು, ಅವು ಶಿಕ್ಷಕರಿಗಾಗಿ ಬರೆದವು. ‘ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ಜೋಡಿಯನ್ನು ಬಿಡಿಸುತ್ತಾರೆ’ ಎಂಬುದನ್ನು ‘ಒಂದು ಲೆಕ್ಕ ಕೊಟ್ಟರೆ ಆದೇಶ ವಿಧಾನ, ವರ್ಜಿಸುವ ವಿಧಾನಗಳಲ್ಲಿ ಯಾವುದು ಸುಲಭವೆಂದು ನೋಡಿದ ಕೂಡಲೇ ಹೇಳಬಲ್ಲೆ’ ಎಂದು ಬದಲಿಸಿದರೆ ಮಗು ತನ್ನನ್ನು ಅದರ ಎದುರು ನಿಲ್ಲಿಸಿ ನೋಡಬಹುದು.

ಪಟ್ಟಿಯ ದೋಷ ಬೇರೆಡೆ ಇದೆ. ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನ್ನಿಂಗ್ 1999ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಅತಿ ಕಡಿಮೆ ಅಂಕ ಗಳಿಸಿದವರೇ ತಮ್ಮ ಸಾಮರ್ಥ್ಯವನ್ನು ಇದ್ದದ್ದಕ್ಕಿಂತ ಬಹಳ ಹೆಚ್ಚಾಗಿ ಅಂದಾಜಿಸಿದ್ದರು. ತರಗತಿಯಲ್ಲಿಯೂ ಇದೇ ಕಾಣುತ್ತದೆ. ಚೆನ್ನಾಗಿ ಓದುವ ಹುಡುಗಿ ಅಳುಕಿನಿಂದ ಹಳದಿ ಹಾಕುತ್ತಾಳೆ, ಪಾಠ ಹತ್ತದ ಹುಡುಗ ನಿಶ್ಚಿಂತೆಯಿಂದ ಹಸಿರು ಹಾಕುತ್ತಾನೆ. ಯಾರಿಗೆ ಈ ಪಟ್ಟಿ ಅತ್ಯಗತ್ಯವೋ ಅವರ ಕೈಯಲ್ಲಿಯೇ ಅದು ಸುಳ್ಳಾಗುತ್ತದೆ. ಹಾಗಾಗಿ ಬಣ್ಣದ ಪಕ್ಕದಲ್ಲಿ ಇನ್ನೊಂದು ಕಂಬಸಾಲು ಇರಬೇಕು: ಹಸಿರು ಹಾಕಿದವರು ಅದಕ್ಕೆ ಸಾಕ್ಷಿಯಾಗಿ ತಾವು ನೋಡದೆ ಬಿಡಿಸಿದ ಲೆಕ್ಕದ ಪುಟ ಸಂಖ್ಯೆಯನ್ನು ಅಲ್ಲಿ ಬರೆಯಬೇಕು. ಪುಟ ಸಂಖ್ಯೆ ಇಲ್ಲದ ಹಸಿರನ್ನು ಹಳದಿಯೆಂದೇ ಎಣಿಸುವ ನಿಯಮವಿಟ್ಟರೆ ಪಟ್ಟಿ ನಂಬಿಕೆಗೆ ಅರ್ಹವಾಗುತ್ತದೆ. ಈ ಕಂಬಸಾಲು ಇಲ್ಲದ ಪಟ್ಟಿಯನ್ನು ನಾನು ಶಿಫಾರಸು ಮಾಡುವುದಿಲ್ಲ.

ಉತ್ತರಪತ್ರಿಕೆ ಕೈಗೆ ಬಂದ ದಿನ

ಪ್ರೌಢಶಾಲೆಗೂ ಪದವಿಪೂರ್ವ ತರಗತಿಗೂ ಯಾವುದಾದರೂ ಒಂದೇ ವಿಧಾನವನ್ನು ಆರಿಸಿಕೊಳ್ಳಬೇಕಾಗಿ ಬಂದರೆ ಅದು ತಪ್ಪಿನ ಹಾಳೆಯಾಗಿರಲಿ. ಕಾರಣ ಸರಳ. ಪರೀಕ್ಷೆ ಹೇಗಿದ್ದರೂ ನಡೆಯುತ್ತದೆ, ಉತ್ತರಪತ್ರಿಕೆ ಹೇಗಿದ್ದರೂ ಮಗುವಿನ ಕೈಗೆ ಬರುತ್ತದೆ, ಆ ದಿನ ಮಗು ಹೇಗಿದ್ದರೂ ತನ್ನ ಬಗ್ಗೆ ಯೋಚಿಸುತ್ತಿರುತ್ತದೆ. ಇದು ಹೊಸ ಹೊರೆಯಾಗುವುದಿಲ್ಲ; ಇರುವ ಹೊರೆಯಿಂದ ಪ್ರಯೋಜನ ಪಡೆಯುವ ದಾರಿ ಇದು.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮಾರ್ಶಾ ಲವೆಟ್ ಅವರು ಕಾಲೇಜು ವಿದ್ಯಾರ್ಥಿಗಳಿಗಾಗಿ ಬಳಕೆಗೆ ತಂದ ಈ ಕ್ರಮದಲ್ಲಿ ಮೂರು ಸಂಗತಿಗಳನ್ನು ಕೇಳಲಾಗುತ್ತದೆ: ಪರೀಕ್ಷೆಗೆ ಹೇಗೆ ತಯಾರಿ ಮಾಡಿಕೊಂಡೆ, ಎಂಥ ತಪ್ಪುಗಳಾದವು, ಮುಂದಿನ ಬಾರಿ ಏನು ಬದಲಿಸುತ್ತೇನೆ. ಶಿಕ್ಷಕರು ಆ ಹಾಳೆಗಳನ್ನು ಸಂಗ್ರಹಿಸಿಟ್ಟು ಮುಂದಿನ ಪರೀಕ್ಷೆಯ ತಯಾರಿ ಶುರುವಾಗುವ ಹೊತ್ತಿಗೆ ಮಕ್ಕಳಿಗೆ ಹಿಂದಿರುಗಿಸುತ್ತಾರೆ. ಈ ಹಿಂದಿರುಗಿಸುವ ಹೆಜ್ಜೆಯಲ್ಲಿಯೇ ವಿಧಾನದ ಜೀವವಿದೆ. ಜುಲೈಯ ಎಫ್‌ಎ ಮುಗಿದ ಮೇಲೆ ಬರೆದ ಹಾಳೆಯನ್ನು ದಸರಾ ರಜೆಗೆ ಮೊದಲಿನ ಎಸ್‌ಎ ಪರೀಕ್ಷೆಗೆ ಎರಡು ವಾರ ಇರುವಾಗ ಮಗುವಿನ ಮುಂದಿಟ್ಟರೆ, ತಾನೇ ಬರೆದ ಮಾತು ತನಗೇ ಸಲಹೆಯಾಗಿ ಬರುತ್ತದೆ. ಟೀಚರು ನೂರು ಸಲ ಹೇಳಿದ್ದಕ್ಕಿಂತ ಅದಕ್ಕೆ ಬೆಲೆ ಹೆಚ್ಚು.

ನಮ್ಮ ತರಗತಿಗಳಿಗೆ ಇದನ್ನು ಹೊಂದಿಸುವಾಗ ತಪ್ಪುಗಳ ವಿಂಗಡಣೆಗೆ ಹೆಚ್ಚು ಗಮನ ಕೊಡಬೇಕು. ಮಕ್ಕಳನ್ನು ಕೇಳಿದರೆ ಎಲ್ಲ ತಪ್ಪಿಗೂ ‘ಕೇರ್‌ಲೆಸ್ ಆಯಿತು ಸರ್’ ಎಂಬ ಒಂದೇ ಉತ್ತರ. ಮನೆಯಲ್ಲಿ ಅಪ್ಪ ಅಮ್ಮ ಹೇಳುವುದೂ ಅದನ್ನೇ. ಆ ಮಾತನ್ನು ಹಾಳೆಯಿಂದ ಹೊರಗಿಡಬೇಕು. ಅದರ ಬದಲು, ವಿಷಯವೇ ತಿಳಿದಿರಲಿಲ್ಲವೇ, ತಿಳಿದಿದ್ದರೂ ಆ ಹೊತ್ತಿಗೆ ನೆನಪಾಗಲಿಲ್ಲವೇ, ಪ್ರಶ್ನೆಯನ್ನು ತಪ್ಪಾಗಿ ಓದಿದೆನೇ, ನಡುವಿನ ಒಂದು ಹೆಜ್ಜೆಯಲ್ಲಿ ಎಡವಿದೆನೇ, ಸಮಯ ಸಾಲಲಿಲ್ಲವೇ ಎಂದು ಐದು ಬಗೆಗಳಾಗಿ ಒಡೆದು, ಪ್ರತಿ ಬಗೆಯಿಂದ ಎಷ್ಟು ಅಂಕ ಹೋಯಿತೆಂದು ಕೂಡಿಸಲು ಹೇಳಬೇಕು. ಸಮೀಕರಣದಲ್ಲಿ ಪದವೊಂದನ್ನು ಆಚೆ ಬದಿಗೆ ಒಯ್ಯುವಾಗ ಚಿಹ್ನೆ ಬದಲಿಸಲು ಮರೆಯುವುದು ಒಂದು ಸಲವಾದರೆ ಎಡವಿದ್ದು. ಒಂದೇ ಪತ್ರಿಕೆಯಲ್ಲಿ ನಾಲ್ಕು ಕಡೆ ಆಗಿದ್ದರೆ ಅದು ತಿಳಿವಳಿಕೆಯದೇ ಕೊರತೆ. ಕೂಡಿಸಿ ನೋಡುವವರೆಗೆ ಮಗುವಿಗೆ ಇದು ಗೊತ್ತಾಗುವುದಿಲ್ಲ. ಸಮಯ ಸಾಲದೆ ಅಂಕ ಕಳೆದುಕೊಂಡ ಮಗುವನ್ನು ಇನ್ನೂ ಎರಡು ಗಂಟೆ ಹೆಚ್ಚು ಓದು ಎನ್ನುವುದರಿಂದ ಏನೂ ಆಗುವುದಿಲ್ಲ, ಗಡಿಯಾರ ಇಟ್ಟು ಬರೆಯುವ ಅಭ್ಯಾಸ ಬೇಕು. ನೆನಪಾಗದ ಮಗುವಿಗೆ ಮತ್ತೆ ಅದೇ ಪುಟಗಳನ್ನು ಓದಿಸುವುದೂ ವ್ಯರ್ಥವೇ. ಡನ್ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಹತ್ತು ಓದಿನ ಕ್ರಮಗಳನ್ನು ಪರಿಶೀಲಿಸಿದಾಗ ಮತ್ತೆ ಮತ್ತೆ ಓದುವುದು, ಸಾಲುಗಳಿಗೆ ಬಣ್ಣ ಹಚ್ಚುವುದು ಕಡಿಮೆ ಉಪಯೋಗದವೆಂದೂ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಹಾಗೂ ಓದನ್ನು ಹಲವು ದಿನಗಳಿಗೆ ಹಂಚಿಕೊಳ್ಳುವುದು ಹೆಚ್ಚು ಉಪಯೋಗದವೆಂದೂ ಕಂಡಿತು. ‘ಮುಂದಿನ ಬಾರಿ ಚೆನ್ನಾಗಿ ಓದುತ್ತೇನೆ’ ಎಂಬ ಸಾಲನ್ನು ಹಾಳೆಯಲ್ಲಿ ಒಪ್ಪಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಏನು, ಯಾವಾಗ, ಹೇಗೆ ಎಂಬುದು ಬರೆಯದ ಸಂಕಲ್ಪ ಹೊಸ ವರ್ಷದ ಸಂಕಲ್ಪದ ಜಾತಿಗೆ ಸೇರಿದ್ದು.

ಇನ್ನೊಂದು ತೊಡಕು ಅಂಕಗಳದ್ದೇ. ರುತ್ ಬಟ್ಲರ್ 1988ರಲ್ಲಿ ಇಸ್ರೇಲಿನ ಶಾಲಾ ಮಕ್ಕಳೊಂದಿಗೆ ನಡೆಸಿದ ಅಧ್ಯಯನದಲ್ಲಿ, ಟಿಪ್ಪಣಿಯನ್ನು ಮಾತ್ರ ಪಡೆದ ಮಕ್ಕಳ ಆಸಕ್ತಿಯೂ ಸಾಧನೆಯೂ ಏರಿದವು. ಅಂಕವನ್ನು ಮಾತ್ರ ಪಡೆದವರಲ್ಲಿ ಹಾಗಾಗಲಿಲ್ಲ, ಅಂಕ ಹಾಗೂ ಟಿಪ್ಪಣಿ ಎರಡನ್ನೂ ಒಟ್ಟಿಗೆ ಪಡೆದವರಲ್ಲಿಯೂ ಆಗಲಿಲ್ಲ. ಅಂಕ ಕಂಡ ಮೇಲೆ ಟಿಪ್ಪಣಿ ಯಾರಿಗೂ ಕಾಣುವುದಿಲ್ಲ. ಪಕ್ಕದವನಿಗೆ ಎಷ್ಟು ಬಂತು ಎಂಬ ಗದ್ದಲದಲ್ಲಿ ಹಾಳೆ ತುಂಬಿಸಲು ಕೊಟ್ಟರೆ ಅದು ಆ ಗದ್ದಲದಲ್ಲಿಯೇ ಮುಗಿಯುತ್ತದೆ. ಆದ್ದರಿಂದ ಅಂಕಗಳನ್ನು ವಹಿಯಲ್ಲಿ ಬರೆದಿಟ್ಟುಕೊಂಡು, ಉತ್ತರಪತ್ರಿಕೆಯಲ್ಲಿ ತಪ್ಪಾದ ಕಡೆ ಗುರುತು ಮಾತ್ರ ಹಾಕಿ ಮೊದಲ ದಿನ ಮಕ್ಕಳಿಗೆ ಕೊಡುವುದು, ಅವರು ಹಾಳೆ ತುಂಬಿಸಿ ತಮ್ಮ ಅಂಕವನ್ನು ತಾವೇ ಅಂದಾಜಿಸಿದ ಮೇಲೆ ಮರುದಿನ ಅಂಕ ಹೇಳುವುದು ಒಳ್ಳೆಯ ಕ್ರಮ. ಒಂದು ದಿನ ತಡವಾಗುತ್ತದೆ ಅಷ್ಟೆ. ಪೋಷಕರಿಂದ ಫೋನ್ ಬರಬಹುದು. ಮುಖ್ಯ ಶಿಕ್ಷಕರಿಗೆ ಮೊದಲೇ ತಿಳಿಸಿಟ್ಟಿರಬೇಕು.

ಬೋರ್ಡ್ ಪರೀಕ್ಷೆ ಬರೆದವರಿಗೂ ಈ ಹಾಳೆ ಪ್ರಯೋಜನಕ್ಕೆ ಬರುತ್ತದೆ. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಎಸ್ಸೆಸ್ಸೆಲ್ಸಿ ಬರೆಯುವ ಅವಕಾಶ ಬಂದ ಮೇಲೆ, ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಯನ್ನು ತರಿಸಿ ಮರುಎಣಿಕೆಗೆ ಮಾತ್ರ ನೋಡುವ ಬದಲು ಮುಂದಿನ ಪರೀಕ್ಷೆಯ ಓದಿಗೆ ಆಧಾರವಾಗಿ ನೋಡಬಹುದು.

ಕೃತಿಸಂಪುಟಕ್ಕೆ ಎಲ್ಲಿ ಜಾಗ

ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂದಾಗ ಪ್ರತಿ ಮಗುವಿಗೂ ಒಂದು ಕೃತಿಸಂಪುಟ ಇರಬೇಕೆಂಬ ನಿಯಮವೂ ಬಂತು. ಇಂದು ಬಹುಪಾಲು ಕಡೆ ಅದು ಬಣ್ಣದ ಚಿತ್ರಗಳ, ಅಂಗಡಿಯಿಂದ ತಂದ ಚಾರ್ಟುಗಳ ಕಡತವಾಗಿ, ಅಧಿಕಾರಿಗಳ ಭೇಟಿಯ ದಿನ ಹೊರಬರುತ್ತದೆ. ಒಳ್ಳೆಯ ಕೆಲಸಗಳನ್ನು ಮಾತ್ರ ಕೂಡಿಹಾಕಿದ ಸಂಪುಟದಲ್ಲಿ ಮಗುವಿಗೆ ತನ್ನ ಬೆಳವಣಿಗೆ ಕಾಣುವುದಿಲ್ಲ. ಒಂದೇ ಕೆಲಸದ ಮೊದಲ ಪ್ರತಿ ಮತ್ತು ತಿದ್ದಿದ ಪ್ರತಿ ಅಕ್ಕಪಕ್ಕದಲ್ಲಿ ಇದ್ದಾಗ ಮಾತ್ರ ಕಾಣುತ್ತದೆ.

ಹಾಗಾಗಿ ಕೃತಿಸಂಪುಟವನ್ನು ಎಲ್ಲ ವಿಷಯಗಳಿಗೂ ಹರಡುವುದು ಬೇಡ. ಪ್ರಬಂಧ ಬರವಣಿಗೆ, ಚಿತ್ರಕಲೆ, ವಿಜ್ಞಾನದ ಯೋಜನೆ, ಪ್ರದರ್ಶನ ಕಲೆಗಳಿಗೆ ಅದು ಸರಿಯಾದ ಸಾಧನ. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟಿನ ಮೂಲಕ ಪ್ರೌಢಶಾಲೆಯ ಮಕ್ಕಳು ಯಕ್ಷಗಾನ ಕಲಿಯುತ್ತಾರೆ. ಆ ಮಗುವಿನ ಹೆಜ್ಜೆಯನ್ನು ಮಳೆಗಾಲದಲ್ಲಿ ಒಂದು ನಿಮಿಷ, ಪ್ರದರ್ಶನಕ್ಕೆ ಸ್ವಲ್ಪ ಮೊದಲು ಇನ್ನೊಂದು ನಿಮಿಷ ಮೊಬೈಲಿನಲ್ಲಿ ಹಿಡಿದು ಎರಡನ್ನೂ ಮಗುವಿಗೇ ತೋರಿಸಿ, ತಾಳ ಎಲ್ಲಿ ತಪ್ಪುತ್ತಿತ್ತು, ಈಗ ಏನು ಬದಲಾಗಿದೆ ಎಂದು ಕೇಳಿದರೆ ಅದಕ್ಕಿಂತ ಒಳ್ಳೆಯ ಸಂಪುಟವಿಲ್ಲ. ಗಣಿತಕ್ಕೆ, ವ್ಯಾಕರಣಕ್ಕೆ ಸಂಪುಟ ಮಾಡಿಸುವುದು ಕಾಗದ ಮತ್ತು ಸಮಯಗಳ ನಷ್ಟ.

ಕಾಗದವೋ ಮೊಬೈಲೋ

ಇದು ಪೋಷಕರು ಎಲ್ಲಕ್ಕಿಂತ ಹೆಚ್ಚಾಗಿ ಕೇಳುವ ಪ್ರಶ್ನೆ, ಎಲ್ಲಕ್ಕಿಂತ ಕಡಿಮೆ ಮುಖ್ಯವಾದದ್ದೂ ಹೌದು. ಗೂಗಲ್ ಫಾರ್ಮ್‌ನಲ್ಲಿ ಮಕ್ಕಳ ಉತ್ತರಗಳನ್ನು ತರಿಸಿಕೊಂಡರೆ ಟೀಚರಿಗೆ ಅಚ್ಚುಕಟ್ಟಾದ ಕೋಷ್ಟಕ ಸಿಗುತ್ತದೆ, ಆದರೆ ಮಗುವಿನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಲೆಕ್ಕ ಮತ್ತೆ ದೊಡ್ಡವರ ಕೈಗೇ ಹೋಗುತ್ತದೆ. ಓದಿನ ಅಪ್ಲಿಕೇಶನ್‌ಗಳು ಎಷ್ಟು ನಿಮಿಷ ನೋಡಿದೆ, ಎಷ್ಟು ದಿನ ತಪ್ಪದೆ ಬಂದೆ ಎಂಬುದನ್ನು ಎಣಿಸಿ ಪದಕ ಕೊಡುತ್ತವೆ; ಕೂತ ಹೊತ್ತನ್ನು ಅಳೆಯುತ್ತವೆ, ಕಲಿತದ್ದನ್ನಲ್ಲ. ಬೆಳ್ತಂಗಡಿ, ಸುಳ್ಯ, ಹೆಬ್ರಿಯ ಘಟ್ಟದ ತಪ್ಪಲಿನ ಮನೆಗಳಲ್ಲಿ ಮಳೆಗಾಲದ ವಿದ್ಯುತ್ತು, ನೆಟ್‌ವರ್ಕುಗಳ ಸ್ಥಿತಿ ತಿಳಿದದ್ದೇ. ಮನೆಗೆ ಒಂದೇ ಫೋನು ಇದ್ದು ಅದು ಸಂಜೆಯವರೆಗೆ ಅಪ್ಪನ ಜೇಬಿನಲ್ಲಿದ್ದರೆ ಮಗುವಿನ ದಿನಚರಿಯೂ ಅಲ್ಲಿಯೇ ಇರುತ್ತದೆ. ಮಕ್ಕಳ ಮಾಹಿತಿಯನ್ನು ಹೊರಗಿನ ಕಂಪನಿಗಳ ಸರ್ವರಿಗೆ ಕೊಡುವಾಗ ಎಚ್ಚರವೂ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ.

ಪಿಯುಸಿ ಮಕ್ಕಳಿಗೆ ಮಾತ್ರ ಒಂದು ವಿನಾಯಿತಿ ಕೊಡಬಹುದು. ಜೀವಶಾಸ್ತ್ರದ ಹೆಸರುಗಳು, ರಸಾಯನಶಾಸ್ತ್ರದ ಕ್ರಿಯೆಗಳಂಥ ನೆನಪಿನ ಸಾಮಗ್ರಿಗೆ ಆಂಕಿ ಎಂಬ ತಂತ್ರಾಂಶ ಉಪಯುಕ್ತ. ಕಂಪ್ಯೂಟರಿನಲ್ಲಿಯೂ ಆಂಡ್ರಾಯ್ಡ್ ಫೋನಿನಲ್ಲಿಯೂ ಅದು ಉಚಿತ. ಮರೆಯುವ ಹೊತ್ತಿಗೆ ಪ್ರಶ್ನೆಯನ್ನು ಮತ್ತೆ ಮುಂದಿಡುವುದು ಅದರ ಕ್ರಮ. ಹಾಸ್ಟೆಲಿನಲ್ಲಿ ಫೋನ್ ಬಿಡದಿದ್ದರೆ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಪೆಟ್ಟಿಗೆಯ ಕ್ರಮವನ್ನು ಅನುಸರಿಸಬಹುದು. ಚೀಟಿಯ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಸರಿ ಹೇಳಿದ ಚೀಟಿ ಮುಂದಿನ ಪೆಟ್ಟಿಗೆಗೆ, ತಪ್ಪಿದ್ದು ಮತ್ತೆ ಮೊದಲನೆಯದಕ್ಕೆ. ಮೊದಲ ಪೆಟ್ಟಿಗೆಯನ್ನು ದಿನವೂ, ಮುಂದಿನವನ್ನು ಹೆಚ್ಚು ಹೆಚ್ಚು ದಿನ ಬಿಟ್ಟು ತೆಗೆಯಬೇಕು. ಚಪ್ಪಲಿ ಅಂಗಡಿಯ ಖಾಲಿ ಡಬ್ಬಗಳು ಇದಕ್ಕೆ ಸಾಕು. ಯಾವ ಪೆಟ್ಟಿಗೆಯಲ್ಲಿ ಎಷ್ಟು ಚೀಟಿ ಇದೆ ಎಂಬುದೇ ಓದಿನ ಲೆಕ್ಕ. ಬೇರೆ ನೋಟ್‌ಬುಕ್ ಬೇಡ.

ಕಾಗದವನ್ನೇ ಆರಿಸಿದವರು ಬಾಲ್‌ಪೆನ್ನು ಅಥವಾ ಪೆನ್ಸಿಲಿನಿಂದ ಬರೆಸಲಿ, ತಪ್ಪಿನ ಹಾಳೆಗಳನ್ನು ಶಾಲೆಯಲ್ಲಿಯೇ ಇಡಲಿ. ಜುಲೈಯಲ್ಲಿ ಚೀಲದ ತಳಕ್ಕೆ ಸೇರಿದ ಹಾಳೆಯ ಗತಿಯನ್ನು ಈ ಊರಿನವರಿಗೆ ವಿವರಿಸಬೇಕಾಗಿಲ್ಲ.

ಯಾರಿಗೆ ಯಾವುದು

ಒಂದರಿಂದ ಮೂರರವರೆಗೆ ನಲಿಕಲಿಯ ಏಣಿಯಿರುವ ಕಡೆ ಬೇರೇನೂ ಬೇಡ. ಅದಿಲ್ಲದ ಖಾಸಗಿ ಶಾಲೆಗಳಲ್ಲಿ ಬರವಣಿಗೆಯ ಬದಲು ಮಾತು ಸಾಕು. ವಾರಕ್ಕೊಮ್ಮೆ ಎರಡು ನಿಮಿಷ ಮಗುವಿನ ಪಕ್ಕ ಕೂತು, ಈ ವಾರ ಯಾವುದು ಸುಲಭವಾಯಿತು, ಯಾವುದಕ್ಕೆ ಮತ್ತೆ ಬರಬೇಕು ಎಂದು ಅದರ ಮನೆಮಾತಿನಲ್ಲಿಯೇ ಕೇಳುವುದು. ನಾಲ್ಕರಿಂದ ಏಳಕ್ಕೆ ಸಾಕ್ಷಿಯ ಕಂಬಸಾಲು ಇರುವ ಪಟ್ಟಿ, ಜೊತೆಗೆ ಮರುದಿನದ ಚೀಟಿ. ಎಂಟರಿಂದ ಹತ್ತಕ್ಕೆ ತಪ್ಪಿನ ಹಾಳೆ. ಸಮಯವಿದ್ದರೆ ವಾರದ ಅರ್ಧ ಪುಟ. ಪಿಯುಸಿಗೆ ತಪ್ಪಿನ ಹಾಳೆಯ ಜೊತೆಗೆ ಪೆಟ್ಟಿಗೆ ಅಥವಾ ಆಂಕಿ. ಜೋಡಿ ಮಾತುಕತೆಯನ್ನು ಸ್ವತಂತ್ರ ವಿಧಾನವಾಗಿ ನಾನು ಹೆಚ್ಚು ನಂಬುವುದಿಲ್ಲ, ಸ್ನೇಹಿತರು ಬೇರೆ ಮಾತಿಗೆ ಇಳಿಯುತ್ತಾರೆ. ಆದರೆ ತಪ್ಪಿನ ಹಾಳೆಯನ್ನು ತುಂಬಿಸಿದ ಮೇಲೆ ಅದನ್ನು ಒಬ್ಬರಿಗೊಬ್ಬರು ಓದಿ ಹೇಳಿಸಲು ಅದು ಹೊಂದುತ್ತದೆ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರಗತಿ ಪತ್ರದಲ್ಲಿ ಶಿಕ್ಷಕರ ಮೌಲ್ಯಮಾಪನದ ಜೊತೆಗೆ ಸ್ವಮೌಲ್ಯಮಾಪನ ಮತ್ತು ಸಹಪಾಠಿಗಳ ಮೌಲ್ಯಮಾಪನವೂ ಇರಬೇಕೆನ್ನುತ್ತದೆ. ಆಶಯ ಒಳ್ಳೆಯದು, ಅಪಾಯವೂ ಅಲ್ಲಿಯೇ ಇದೆ. ತಾನು ಬರೆದದ್ದು ಮನೆಗೆ ಹೋಗುವ ಪತ್ರದಲ್ಲಿ ಅಚ್ಚಾಗುತ್ತದೆಂದು ತಿಳಿದ ಮಗು ಮನೆಯವರಿಗೆ ಬೇಕಾದದ್ದನ್ನೇ ಬರೆಯುತ್ತದೆ. ತಪ್ಪಿನ ಹಾಳೆಗೆ, ದಿನಚರಿಗೆ, ಬಣ್ಣದ ಪಟ್ಟಿಗೆ ಆಂತರಿಕ ಅಂಕ ಕೊಡುವ ಯೋಚನೆ ಬಂದರೆ ಶಿಕ್ಷಕರು ಅದನ್ನು ತಡೆಯಬೇಕು. ಪ್ರಗತಿ ಪತ್ರಕ್ಕೆ ಬೇಕಾದ ಸಾಲುಗಳನ್ನು ಮಗು ತನ್ನ ಹಾಳೆಗಳನ್ನು ಮುಂದಿಟ್ಟುಕೊಂಡು ವರ್ಷಕ್ಕೆರಡು ಬಾರಿ ಬೇರೆಯಾಗಿ ಬರೆಯಲಿ. ಹಾಳೆಗಳು ಮಾತ್ರ ಅದರವೇ ಆಗಿರಲಿ.

ಪೋಷಕರ ಸಭೆಯಲ್ಲಿ ಇದನ್ನು ಅಳವಡಿಸುವ ಸುಲಭ ದಾರಿಯೊಂದಿದೆ. ಟೀಚರು ಮೇಜಿನ ಆಚೆ ಕೂತು ಅಂಕ ಓದಿ ಹೇಳುವ ಬದಲು, ಮಗು ತನ್ನ ತಪ್ಪಿನ ಹಾಳೆಯಿಂದ ತಾನೇ ಆರಿಸಿದ ಒಂದು ಭಾಗವನ್ನು ಅಪ್ಪ ಅಮ್ಮನಿಗೆ ಮೂರು ನಿಮಿಷ ವಿವರಿಸಬೇಕು, ಟೀಚರು ಪಕ್ಕದಲ್ಲಿ ಸುಮ್ಮನೆ ಇರಬೇಕು. ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಬೇಕು: ‘ಎಷ್ಟು ಬಂತು?’ ಎಂಬುದನ್ನು ಆ ಮೂರು ನಿಮಿಷ ಕೇಳುವಂತಿಲ್ಲ. ‘ಇದಕ್ಕೆ ಈಗ ಏನು ಮಾಡುತ್ತಿದ್ದೀಯಾ?’ ಎಂದು ಕೇಳಬಹುದು. ಜುಲೈಯ ಎಫ್‌ಎ ನಂತರದ ಸಭೆ ಇದಕ್ಕೆ ತೀರಾ ಬೇಗ, ಅಷ್ಟರಲ್ಲಿ ಮಗುವಿನ ಬಳಿ ಒಂದೇ ಹಾಳೆ ಇರುತ್ತದೆ. ದಸರಾ ಕಳೆದ ಮೇಲಿನ ಸಭೆಯಿಂದ ಆರಂಭಿಸುವುದು ಸರಿ. ಆ ಹೊತ್ತಿಗೆ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು, ಮೊದಲನೆಯದರಲ್ಲಿ ಬರೆದದ್ದನ್ನು ಮಾಡಿದೆನೋ ಇಲ್ಲವೋ ಎಂದು ಹೇಳಲು ಮಗುವಿಗೆ ಸಾಧ್ಯವಾಗುತ್ತದೆ.